ಕಪ್ಪಂಚಿನ ಲಕೋಟೆಗೆ ನಾನು ಬರೆದ ಅರ್ಥ

ದಾವಣಗೆರೆಗೆ ಬಂದ ಮರುದಿನ ಬೆಳಿಗ್ಗೆ ನಾನು ಸತ್ತ ಮನುಷ್ಯನೊಬ್ಬನಿಗೆ ಕೈ ಮುಗಿದೆ. ಬಾಡಿಗೆ ಕೋಣೆಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದಾಗ ಓಣಿಯ ತಿರುವಿನಿಂದ ತಾಳದ ಸದ್ದು, ಭಜನೆ ಕೇಳಿಸಿತು. ಹೂವಿನಿಂದ ಸಿಂಗರಿಸಿದ ಮಂಟಪವೊಂದನ್ನು ಹತ್ತಾರು ಜನ ಹೊತ್ತು ತಂದರು. ಅದರೊಳಗೆ ಹಿರಿಯರೊಬ್ಬರು ಕಾಲು ಮಡಚಿ ನೆಟ್ಟಗೆ ಕುಳಿತಿದ್ದರು. ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕಣ್ಣು ಮುಚ್ಚಿತ್ತು. ಯಾವುದೋ ಮಠದ ಸ್ವಾಮಿಗಳು ಬಿಜಯಂಗೈಯುತ್ತಿದ್ದಾರೆ ಎಂದುಕೊಂಡು, ಬಾಯೊಳಗಿನ ನೊರೆಯನ್ನು ಉಗುಳಿ, ಭಕ್ತಿಯಿಂದ ತಲೆಬಾಗಿದೆ.

ಮನೆಯೊಡತಿ ಗೌರಮ್ಮ ಹಿಂದೆ ನಿಂತಿದ್ದರು. "ಎಣ್ಣಿ ಅಂಗಡಿ ಚನ್ನಬಸಪ್ಪರ ತಂದಿ ರೀ. ನಿನ್ನೆ ಸಂಜಿಗೆ ಹೋಗಿಬಿಟ್ರು" ಎಂದರು.

ನಮ್ಮ ಕಡೆ ಸತ್ತವರನ್ನು ಮಲಗಿಸಿ ಒಯ್ದು ಸುಡುತ್ತಾರೆ. ಇಲ್ಲಿ ಲಿಂಗಾಯತರು ಕೂರಿಸಿ ಒಯ್ದು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ. ಹೆಣ ನೋಡಿದ ಮೈಲಿಗೆಗೆ ನಾನು ಹಿತ್ತಲಿಗೆ ಓಡಿ, ಉಟ್ಟ ಬಟ್ಟೆಯಲ್ಲೇ ಎರಡು ಕೊಡ ನೀರು ಸುರಿದುಕೊಂಡೆ. ಗೌರಮ್ಮನಿಗೆ ಗಾಬರಿ. "ಯಾಕ ಮೇಷ್ಟ್ರೇ, ಚಾ ಆರಿ ಹೊಂಟೈತಿ, ಹಂಗ್ಯಾಕ ಓಡಿದ್ರಿ?" ಎಂದರು. ಕಾರಣ ಹೇಳಿದಾಗ ಅವರ ಮುಖ ಸ್ವಲ್ಪ ಬಿಗಿಯಾಯಿತು. "ಹೆಣ ಅನಬ್ಯಾಡ್ರಿ. ಲಿಂಗೈಕ್ಯ ಆದೋರು ಅವ್ರು. ನಮ್ಮಾಗೆ ಸೂತಕ ಇಲ್ಲ" ಎಂದರು. ಒದ್ದೆ ಪಂಚೆಯಲ್ಲಿ ನಡುಗುತ್ತ ಅವರೆದುರು ನಿಂತ ನನಗೆ, ನಾನು ಬರೀ ನೂರೈವತ್ತು ಮೈಲಿ ಬಂದಿದ್ದೇನೆಯೇ, ಸಮುದ್ರ ದಾಟಿದ್ದೇನೆಯೇ ಎನಿಸಿತು.

ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಕಾರ್ಕಳದ ಹತ್ತಿರದ ಹಳ್ಳಿಯಿಂದ ಇಲ್ಲಿಯ ಕಾಲೇಜಿಗೆ ಇಂಗ್ಲಿಷು ಕಲಿಸಲು ಬಂದ ನಾನೂ, ಈ ಬಯಲಿನ ಜನರೂ ಕಾಗದದ ಮೇಲೆ ಒಂದೇ ನಾಡಿನವರು. ಮಾತು ಮಾತ್ರ ಒಂದನ್ನೊಂದು ಒಪ್ಪುತ್ತಿರಲಿಲ್ಲ. ನಾನು "ಎಂತ?" ಎಂದರೆ ಹುಡುಗರು ನಗುತ್ತಿದ್ದರು. ನನ್ನದು ಪುಸ್ತಕದ ಕನ್ನಡವಂತೆ, ಪೌರಾಣಿಕ ನಾಟಕದವರು ಮಾತಾಡಿದ ಹಾಗಿದೆಯಂತೆ. ಕುಚ್ಚಲಕ್ಕಿ ಇಲ್ಲ, ತೆಂಗಿನೆಣ್ಣೆಯನ್ನು ತಲೆಗೆ ಹಚ್ಚುತ್ತಾರೆಯೇ ಹೊರತು ಒಗ್ಗರಣೆಗೆ ಹಾಕುವುದಿಲ್ಲ. ನೀರು ಗಡಸು, ಬೇಳೆ ಬೇಯುವುದಿಲ್ಲ. ಹತ್ತಿ ಗಿರಣಿಯ ಸೈರನ್ನು ದಿನಕ್ಕೆ ಮೂರು ಬಾರಿ ಊರನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಬೇಸಿಗೆಯಲ್ಲಿ ಹತ್ತಿಯ ಎಳೆ ಗಾಳಿಯಲ್ಲಿ ಹಾರಿ ಬಂದು ಸೀಮೆಸುಣ್ಣ ಹಿಡಿದ ಬೆರಳಿಗೆ ಅಂಟುತ್ತದೆ. ಸಂಜೆಯಾದರೆ ಊರಿಗೆ ಊರೇ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ಬೀದಿಗೆ ಬರುತ್ತದೆ. ನಾಲ್ಕು ಜನ ಸೇರಿ ಒಂದೇ ಕಾಗದದ ಮೇಲಿನ ರಾಶಿಗೆ ಕೈ ಹಾಕುತ್ತಾರೆ. ಹಾಗೆ ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಗಿಸಿ ತಿನ್ನುವುದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಕಲಿತ ದಿನ ಬಹಳ ಸಂತೋಷಪಟ್ಟೆ.

ಆ ಸಂತೋಷವನ್ನು ಮೊದಲ ರಜೆಯಲ್ಲಿ ಊರಿಗೆ ಕೊಂಡುಹೋದದ್ದೇ ತಪ್ಪಾಯಿತು. ಅಪ್ಪ ದೇವಸ್ಥಾನದ ಅರ್ಚಕರು. ನಾನು ಒಬ್ಬನೇ ಮಗ. ಪೂಜೆ ಬಿಟ್ಟು ಇಂಗ್ಲಿಷು ಓದಿದ್ದನ್ನೇ ಅವರು ಪೂರ್ತಿ ಕ್ಷಮಿಸಿರಲಿಲ್ಲ. ಊಟಕ್ಕೆ ಕೂತಾಗ ಅಲ್ಲಿ ಎಲ್ಲಿ ಉಣ್ಣುತ್ತಿ ಎಂದು ಕೇಳಿದರು. ಖಾನಾವಳಿಯಲ್ಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಂದೆ. ಮಾಡುವವರು ಯಾರು ಎಂದರು. ಇದ್ದದ್ದು ಹೇಳಿದೆ. ಅಪ್ಪ ಎಲೆಯಲ್ಲಿ ಕೈ ತೊಳೆದು ಎದ್ದರು. "ಎಲ್ಲಿ ಉಣ್ಣುತ್ತೀಯೋ ಅಲ್ಲೇ ಇರು. ನಾನಿರುವಷ್ಟು ದಿನ ಈ ಹೊಸ್ತಿಲು ತುಳಿಯಬೇಡ" ಎಂದರು. ಅಮ್ಮ ಒಲೆಯ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ. ನಾನು ಆ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ಮತ್ತೆರಡು ವರ್ಷ ಹೋಗಲಿಲ್ಲ. ಅಮ್ಮನಿಗೆ ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದೆ, ಅವಳು ಸೀಸದ ಕಡ್ಡಿಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದಳು. ಅದರಲ್ಲಿ ಅಪ್ಪನ ಸುದ್ದಿ ಇರುತ್ತಿತ್ತು, ಅಪ್ಪನ ಮಾತು ಇರುತ್ತಿರಲಿಲ್ಲ. ಒಂದೇ ಒಂದು ಮಾತು, ಬಾ ಅಂತ, ಅವರ ಬಾಯಿಂದ ಬರಬೇಕೆಂದು ನಾನು ಹಟ ಹಿಡಿದು ಕೂತಿದ್ದೆ.

ಇಂಥ ಸ್ಥಿತಿಯಲ್ಲಿದ್ದ ನನ್ನ ಪಾಲಿಗೆ ಆ ವರ್ಷ ಆ ಕಾದಂಬರಿ ಬಂತು. ಬಿ.ಎ. ತರಗತಿಗೆ ಪಠ್ಯ. ಬರೆದವನು ಇಂಗ್ಲೆಂಡಿನವನು. ಸ್ವಂತ ದೇಶ ಬಿಟ್ಟು ಇಟಲಿಯ ಕಡಲ ದಂಡೆಯ ಊರೊಂದರಲ್ಲಿ ಇಪ್ಪತ್ತು ವರ್ಷದಿಂದ ನೆಲೆ ನಿಂತ ದೊರೆಯೊಬ್ಬನ ಕಥೆ. ದೊಡ್ಡ ಹೆಸರಿನ ಪುಸ್ತಕವೆಂದು ಮುನ್ನುಡಿಯಲ್ಲಿ ಬರೆದಿತ್ತು. ಪುಟಕ್ಕೆ ಹತ್ತು ಪದ ನನಗೇ ಗೊತ್ತಿರಲಿಲ್ಲ. ಕಾಲೇಜಿನ ನಿಘಂಟು ಇಂಗ್ಲಿಷಿಗೆ ಇಂಗ್ಲಿಷು ಹೇಳುತ್ತಿತ್ತು, ಇಟಲಿಯ ಪದಗಳಿಗೆ ಬಾಯಿ ಮುಚ್ಚುತ್ತಿತ್ತು. ಆ ದೊರೆ ಊಟಕ್ಕೆ ಮುಂಚೆ ಸಣ್ಣ ಗ್ಲಾಸಿನಲ್ಲಿ ವರ್ಮೂತ್ ಎಂಬುದನ್ನು ಕುಡಿಯುತ್ತಾನೆ. ಕಹಿಯಂತೆ. ಅವನಿಗೆ ಅಜೀರ್ಣವಿರಬೇಕೆಂದು ತರಗತಿ ತೀರ್ಮಾನಿಸಿತು. ನಾನೂ ತಲೆಯಾಡಿಸಿದೆ.

ತರಗತಿಯಲ್ಲಿ ಎಲ್ಲರಿಗಿಂತ ಹಿರಿಯ ರುದ್ರಪ್ಪ. ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಎರಡು ಮಕ್ಕಳ ತಂದೆ, ನನಗಿಂತ ಎರಡು ವರ್ಷ ದೊಡ್ಡವನು. ಇಂಗ್ಲಿಷಿನಲ್ಲಿ ಎರಡು ಬಾರಿ ಡುಮ್ಕಿ ಹೊಡೆದಿದ್ದ. ಅವನು ಪ್ರಶ್ನೆ ಕೇಳಿದರೆ ನನಗೆ ಬೆವರು. "ಸರ, ಈ ದೊರೆ ಆ ಊರಿನ ಬಿಸಲಿಗೆ ಬೈತಾನೆ, ಊಟಕ್ಕೆ ಬೈತಾನೆ, ಜನಕ್ಕೆ ಬೈತಾನೆ. ತಮ್ಮೂರ ಚಾ ನೆನೆಸಿಕ್ಯಂಡು ಅಳ್ತಾನೆ. ಹಂಗಿದ್ರೆ ಎದ್ದು ಊರಿಗೆ ಹೋಗಬೌದಲ್ರಿ?" ಎಂದ. ನಾನು ಕನ್ನಡಕ ಒರೆಸಿಕೊಂಡೆ. ಮುಂದಿನ ಅಧ್ಯಾಯದಲ್ಲಿ ತಿಳಿಯುತ್ತದೆ ಎಂದೆ.

ಮುಂದಿನ ಅಧ್ಯಾಯ ಇನ್ನೂ ಕಷ್ಟವಾಗಿತ್ತು. ದೊರೆ ಗೆಳೆಯರ ಜೊತೆ ಬೀದಿಯ ಮೇಜಿನ ಮುಂದೆ ಕುಳಿತಿದ್ದಾನೆ. ಆಳು ಬಂದು ಒಂದು ಲಕೋಟೆ ಕೊಡುತ್ತಾನೆ. ಸುತ್ತ ಕಪ್ಪು ಅಂಚಿನ ಲಕೋಟೆ. ದೊರೆ ಅದನ್ನು ಒಡೆಯದೆ ಜೇಬಿಗೆ ಹಾಕಿ, ಇನ್ನೊಂದು ಗ್ಲಾಸು ತರಿಸಿ, ಹಾಸ್ಯ ಹೇಳಲು ಶುರುಮಾಡುತ್ತಾನೆ. ಹೊತ್ತು ಮುಳುಗುವ ತನಕ ಹೇಳುತ್ತಲೇ ಇರುತ್ತಾನೆ. ಗೆಳೆಯರು ಯಾರೂ ನಗುವುದಿಲ್ಲ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಯಾಕೆ ಒಡೆಯಲಿಲ್ಲ, ಅವರು ಯಾಕೆ ನಗಲಿಲ್ಲ? ಬರೆದವನು ಒಂದಕ್ಷರ ಹೇಳಿಲ್ಲ. ಅಂಚು ಅಲಂಕಾರಕ್ಕಿರಬೇಕು ಎಂದೆ. ರುದ್ರಪ್ಪ ನಂಬಲಿಲ್ಲ. ತರಗತಿ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ಮೆಲ್ಲಗೆ, "ಹರಿಹರದಾಗೆ ಇಮಾಮ್ ಸಾಹೇಬ್ರು ಅಂತ ಅದಾರ್ರಿ. ಸೇತುವೆ ಕಟ್ಟೋ ಇಂಜಿನಿಯರ್ ದೊರೆ ಹತ್ರ ಬಟ್ಲರ್ ಆಗಿದ್ರು. ದೊರೆ ಜತಿ ಸೀಮೆಗೆಲ್ಲ ಹೋಗಿ ಬಂದಾರೆ. ಕೇಳಾನ ಬರ್ರಿ" ಎಂದ.

ಭಾನುವಾರ ಇಬ್ಬರೂ ಹರಿಹರಕ್ಕೆ ಹೋದೆವು. ನದಿಗೆ ಇಳಿಯುವ ಓಣಿಯಲ್ಲಿ ಇಮಾಮ್ ಸಾಹೇಬರ ಮನೆ. ಎಪ್ಪತ್ತು ದಾಟಿದವರು, ಗಡ್ಡಕ್ಕೆ ಗೋರಂಟಿ ಬಣ್ಣ, ಅಂಗಿಗೆ ಇಸ್ತ್ರಿ. "ಬರ್ರಿ ಮೇಷ್ಟ್ರೇ, ಕೂಡ್ರಿ" ಎಂದು ಕುರ್ಚಿಯನ್ನು ಒರೆಸಿ ಕೊಟ್ಟರು. ಅವರಿಗೆ ಇಂಗ್ಲಿಷು ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ನಾನು ಪುಸ್ತಕದಿಂದ ಒಂದೊಂದೇ ಸಾಲು ಓದುತ್ತ ಹೋದೆ. ವರ್ಮೂತ್ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಔಷಧ ಅಲ್ರಿ, ಸೆರೆ. ಬೇರು ನಾರು ಹಾಕಿ ಮಾಡ್ತಾರೆ. ಹಸಿವು ಬರಲಿ ಅಂತ ಕುಡೀತಾರೆ. ಹಸಿವು ಬರಾಕೆ ಕುಡಿಯೋ ಜನಾನೂ ಅದಾರೆ ನೋಡ್ರಿ ದುನಿಯಾದಾಗೆ!" ಬೀದಿಯ ಮೇಜಿನ ವಿಷಯ ಕೇಳಿದೆ. "ಹೋಟ್ಲಿನ ಹೊರಗೆ ಕುರ್ಚಿ ಹಾಕ್ತಾರೆ. ಒಂದು ಗ್ಲಾಸ್ ಹಿಡಕಂಡು ದಿನಾ ಪೂರ್ತಿ ಕೂಡ್ರಬೌದು. ಏಳ್ರಿ ಅಂತ ಯಾರೂ ಅನ್ನಂಗಿಲ್ಲ" ಎಂದರು. ನಮ್ಮ ದಾವಣಗೆರೆಯ ಹೋಟೆಲಿನಲ್ಲಿ ದೋಸೆ ಮುಗಿಯುವ ಮೊದಲೇ ಮುಂದಿನ ಗಿರಾಕಿ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾನೆ.

ಕಪ್ಪಂಚಿನ ಲಕೋಟೆಯ ಸಾಲು ಓದಿದಾಗ ಅವರು ಪುಸ್ತಕ ಮುಚ್ಚಿ ಎಂಬಂತೆ ಕೈ ಮಾಡಿದರು.

"ಅದು ಮೌತಿನ ಕಾಗದ. ಸಾವಿನ ಖಬರು. ಮೇಲೇ ತಿಳೀಲಿ ಅಂತ ಅಂಚಿಗೆ ಕರೀ ಬಣ್ಣ. ಹತ್ರದೋರು ಸತ್ತಿದ್ರೆ ಅಂಚು ದಪ್ಪ ಇರ್ತೈತೆ. ನಮ್ಮ ಮೇಮ್ ಸಾಹೇಬ್ರ ತಾಯಿ ತೀರಿಕೊಂಡಾಗ ನಾನೇ ತಟ್ಟೆಯಾಗೆ ಇಟಕಂಡು ತಂದುಕೊಟ್ಟಿದ್ದೆ. ಆಯಮ್ಮ ಒಡೀಲೇ ಇಲ್ಲ. ಚಾ ಕುಡುದ್ರು, ತೋಟದಾಗೆ ಅಡ್ಡಾಡಿದ್ರು. ಒಡೆದ್ರೆ ಯಾರು ಅಂತ ತಿಳಿದುಬಿಡ್ತೈತಲ್ಲ. ಒಡೀದೆ ಇದ್ರೆ ಇನ್ನೂ ಒಂದು ದಿನ ಯಾರೂ ಸತ್ತಿಲ್ಲ."

ರುದ್ರಪ್ಪ ನೆಲ ನೋಡುತ್ತ ಕೂತಿದ್ದ. ಅವನಿಗೆ ಆ ಅಧ್ಯಾಯ ತಿಳಿಯಿತು. ನನಗೂ ತಿಳಿಯಿತು.

ಮಾರನೆಯ ದಿನ ತರಗತಿಯಲ್ಲಿ ನಾನು ಜೀವಮಾನದ ಪಾಠ ಮಾಡಿದೆ ಎಂದುಕೊಂಡೆ. ಆ ಜನ ಸಾವನ್ನು ಲಕೋಟೆಯ ಮೇಲೇ ಬರೆಯುತ್ತಾರೆ ಎಂದೆ. ನಾವೋ? ನಾವು ಒಳಗೂ ಬರೆಯುವುದಿಲ್ಲ. ದೂರದಲ್ಲಿ ಒಂಟಿಯಾಗಿರುವವನಿಗೆ ಸಾವಿನ ಸುದ್ದಿ ನೇರ ಹೇಳಿದರೆ ದಾರಿಯಲ್ಲಿ ಏನಾದರೂ ಆದೀತೆಂದು, ಸೀರಿಯಸ್, ಕೂಡಲೇ ಹೊರಡು ಎಂದು ತಂತಿ ಕಳಿಸುತ್ತೇವೆ. ಓದಿದವನಿಗೆ ಅರ್ಥ ಗೊತ್ತು. ಸೀರಿಯಸ್ ಎಂಬ ಪದವೇ ನಮ್ಮ ಕಪ್ಪಂಚು! ತರಗತಿ ಉಸಿರು ಬಿಗಿಹಿಡಿದು ಬರೆದುಕೊಂಡಿತು. ರುದ್ರಪ್ಪ ಎದ್ದು ನಿಂತು, "ಹೌದ್ ಸರ. ನಮ್ಮಪ್ಪ ಹೋದಾಗಲೂ ಹಂಗೇ ಬಂದಿತ್ತು. ನಾನು ಬಸ್ಸಿನಾಗೆ ದಾರಿ ತುಂಬ ಅತ್ಕಂತ ಹೋಗಿದ್ದೆ" ಎಂದ. ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ ಅವರು ನನ್ನ ಹುಡುಗರು, ನಾನು ಅವರ ಮೇಷ್ಟ್ರು ಎನಿಸಿತು. ಆ ಅರ್ಥವನ್ನು ಅಚ್ಚುಕಟ್ಟಾಗಿ ಟಿಪ್ಪಣಿಯಲ್ಲಿ ಸೇರಿಸಿ ಎಲ್ಲರಿಗೂ ಬರೆಸಿದೆ.

ಪರೀಕ್ಷೆಗೆ ಮೂರು ವಾರವಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ, ಕಾಲೇಜಿನ ವಿಳಾಸಕ್ಕೆ ನನ್ನ ಹೆಸರಿಗೆ ತಂತಿ ಬಂತು. ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ. ಕಳಿಸಿದವರು ಪಕ್ಕದ ಮನೆಯ ಸುಬ್ರಾಯರು. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. "ಸಮಾಧಾನ ತಗೊಳ್ರಿ. ಎಲ್ಲರ ಮನೆಯಾಗೂ ಆಗೋದೇ" ಎಂದರು. ಪಕ್ಕದ ಕೋಣೆಯ ಅಧ್ಯಾಪಕರು ಬಂದು ಹೆಗಲ ಮೇಲೆ ಕೈಯಿಟ್ಟರು. ವಿದ್ಯಾರ್ಥಿಗಳು ಬಾಗಿಲಲ್ಲಿ ಗುಂಪಾಗಿ ನಿಂತರು, ಒಬ್ಬನೂ ಏನಾಯಿತೆಂದು ಕೇಳಲಿಲ್ಲ. ಅವರೆಲ್ಲರ ನೋಟುಬುಕ್ಕಿನಲ್ಲಿ ಅದರ ಅರ್ಥವಿತ್ತು.

ನನಗೂ ಅನುಮಾನ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ತಾವಿರುವಷ್ಟು ದಿನ ಹೊಸ್ತಿಲು ತುಳಿಯಬೇಡ ಎಂದವರು ಅಪ್ಪ. ಈಗ ಕರೆ ಬಂದಿದೆ, ಹಾಗಾದರೆ ಅಪ್ಪ ಇಲ್ಲ. ಇದಕ್ಕಿಂತ ಸರಳವಾದ ವಾಕ್ಯವನ್ನು ನಾನು ಜನ್ಮದಲ್ಲಿ ಓದಿರಲಿಲ್ಲ.

ಎರಡು ಗಂಟೆಗೆ ಶಿವಮೊಗ್ಗದ ಬಸ್ಸಿತ್ತು. ಅದಕ್ಕೆ ಹೋಗಬಹುದಿತ್ತು. ಆದರೆ ನಮ್ಮ ಕಾಲೇಜಿನ ಸಂಸ್ಕೃತ ಪಂಡಿತರು, ಹರಿಹರದವರು, ನನ್ನನ್ನು ಕೂರಿಸಿ ತಿಳಿಹೇಳಿದರು. "ನೀವು ಒಬ್ಬನೇ ಮಗ. ನೀವು ಮುಟ್ಟೋ ಹೊತ್ತಿಗೆ ಅಲ್ಲಿ ದಹನ ಮುಗಿದಿರ್ತದೆ. ಓಡಿಹೋಗಿ ನೋಡೋದೇನಿದೆ? ಸುದ್ದಿ ಕೇಳಿದ ಜಾಗದಿಂದಲೇ ಮಗನ ಕರ್ತವ್ಯ ಶುರುವಾಗಬೇಕು. ನಾಳೆ ಬೆಳಿಗ್ಗೆ ಹರಿಹರಕ್ಕೆ ಬನ್ನಿ. ತುಂಗಭದ್ರೆಯ ದಂಡೆಯ ಮೇಲೆ ಕ್ಷೌರ, ಸ್ನಾನ, ಎಳ್ಳುನೀರು ಮುಗಿಸಿ ಮುಂದೆ ಹೊರಡಿ. ನಾನು ಇರ್ತೀನಿ." ಎಷ್ಟು ದಯೆಯಿಂದ ಹೇಳಿದರೆಂದರೆ ನನಗೆ ಅಳು ಬಂತು. ಆ ದಿನ ನಾನು ಗೌರಮ್ಮನ ಕಟ್ಟೆಯ ಮೇಲೆ ಕುಳಿತು ಅಪ್ಪನ ಮೇಲಿನ ಹಟವನ್ನೆಲ್ಲ ನೆನೆದು ಅತ್ತೆ. ಗೌರಮ್ಮ ಒತ್ತಾಯ ಮಾಡಿ ಹಾಲು ಕುಡಿಸಿದರು.

ಬುಧವಾರ ಬೆಳಿಗ್ಗೆ ನದಿಯ ದಂಡೆ. ನೀರು ಕಡಿಮೆಯಾಗಿ ಬಂಡೆಗಳು ಎದ್ದಿದ್ದವು. ಕ್ಷೌರದವನು ನೆತ್ತಿಗೆ ನೀರು ತಟ್ಟಿ ಕತ್ತಿ ಇಟ್ಟ. ಎಡಗಡೆ ಮುಗಿದಿತ್ತು, ಮೆಟ್ಟಿಲ ಮೇಲೆ ಇಮಾಮ್ ಸಾಹೇಬರು ಇಳಿದು ಬಂದರು. ರುದ್ರಪ್ಪ ಸುದ್ದಿ ಹೇಳಿದ್ದನಂತೆ. ಅವರು ದೂರದಲ್ಲೇ ನಿಂತು, ತಲೆಗೆ ಕೈವಸ್ತ್ರ ಹಾಕಿಕೊಂಡು, ಏನೋ ಪ್ರಾರ್ಥಿಸಿದರು. ಆಮೇಲೆ ಕೇಳಿದರು.

"ಮೇಷ್ಟ್ರೇ, ತಂತಿಯಾಗೆ ಏನಂತ ಬರ್ದಾರೆ?"

"ಸೀರಿಯಸ್ ಅಂತ."

"ತೀರಿಕೊಂಡ್ರು ಅಂತ ಇಲ್ಲ?"

"ಇಲ್ಲ."

"ಹಂಗಂದ್ರೆ ಸೀರಿಯಸ್ಸೇ ಇರಬೌದಲ್ಲ ಸ್ವಾಮಿ?"

ಪಂಡಿತರು ದರ್ಭೆ ಸರಿಮಾಡುತ್ತ, "ಸಾಹೇಬ್ರೇ, ಈ ಹೊತ್ತಿನಾಗೆ ಅಂಥ ಮಾತು ಬ್ಯಾಡ. ಆಸೆ ಹುಟ್ಟಿಸಬಾರದು" ಎಂದರು. ಇಮಾಮ್ ಸಾಹೇಬರು ತಲೆ ತಗ್ಗಿಸಿದರು. ಅವರು ಬದುಕಿನ ಅರ್ಧ ಕಳೆದದ್ದು ಇದ್ದದ್ದನ್ನು ಇದ್ದ ಹಾಗೆ ಬರೆಯುವ ಜನರ ಮನೆಯಲ್ಲಿ. ಅವರಿಗೆ ಸೀರಿಯಸ್ ಎಂದರೆ ಸೀರಿಯಸ್. ಎದ್ದುಬಿಡಲೇ ಎನಿಸಿತು. ಆದರೆ ಅರ್ಧ ತಲೆ ಬೋಳಿಸಿದವನು ಎದ್ದು ಎಲ್ಲಿಗೆ ಹೋಗುತ್ತಾನೆ? ಕ್ಷೌರದವನು ಕತ್ತಿ ಹಿಡಿದು ಕಾಯುತ್ತಿದ್ದ. ನಾನು ಬಲಗಡೆಗೆ ತಲೆ ಕೊಟ್ಟೆ. ಆಮೇಲೆ ಮೂರು ಮುಳುಗು ಹಾಕಿ, ತಂದೆಯ ಹೆಸರು, ಗೋತ್ರ ಹೇಳಿ, ಪ್ರೇತ ಎಂಬ ಪದ ಸೇರಿಸಿ, ಎಳ್ಳುನೀರು ಬಿಟ್ಟೆ.

ಮಧ್ಯಾಹ್ನದ ಬಸ್ಸಿಗೆ ಶಿವಮೊಗ್ಗ ಮುಟ್ಟಿ, ಅಲ್ಲೇ ತಂಗಿ, ಬೆಳಿಗ್ಗೆ ತೀರ್ಥಹಳ್ಳಿಯ ದಾರಿ ಹಿಡಿದೆ. ಆಗುಂಬೆಯಲ್ಲಿ ದೊಡ್ಡ ಬಸ್ಸು ಬಿಟ್ಟು ಘಟ್ಟ ಇಳಿಯುವ ಸಣ್ಣ ಗಾಡಿ ಹತ್ತಬೇಕು. ಅಷ್ಟು ಹೊತ್ತೂ ನಾನು ಯಾವ ದೇವರಲ್ಲಿ ಏನು ಬೇಡಿಕೊಂಡೆ ಎಂದು ಹೇಳಿದರೆ ನೀವು ನನ್ನ ಮುಖ ನೋಡಲಾರಿರಿ. ಇಮಾಮ್ ಸಾಹೇಬರ ಮಾತು ಸುಳ್ಳಾಗಲಿ ಎಂದು ಬೇಡಿಕೊಂಡೆ. ಅಪ್ಪ ಸತ್ತಿರಲಿ ಎಂದು. ಅಪ್ಪ ಬೇಡವಾಗಿದ್ದರಿಂದ ಅಲ್ಲ, ಬೋಳಿಸಿದ ತಲೆ ಹೊತ್ತು ಅವರೆದುರು ನಿಲ್ಲುವುದು ನನ್ನಿಂದ ಆಗದು ಎಂಬ ಭಯದಿಂದ. ಮುಂದಿನ ತಿರುವಿನಲ್ಲಿ ಅದೇ ಬಾಯಿಂದ ಅವರು ಬದುಕಿರಲಿ ಎಂದು ಬೇಡಿಕೊಂಡೆ.

ಗುರುವಾರ ಮೂರು ಗಂಟೆಗೆ ಊರಿನ ತೋಡು ದಾಟುತ್ತಿದ್ದೆ. ಸುಬ್ರಾಯರು ಗದ್ದೆಯ ಬದುವಿನಿಂದ ಕೂಗಿದರು. "ಬಂದೆಯಾ ಮಾರಾಯ! ಬೇಗ ಹೋಗು. ಮೂರು ದಿನದಿಂದ ನಿನ್ನನ್ನೇ ಕೇಳುತ್ತಾ ಇದ್ದಾರೆ. ನಿನ್ನೆ ಸಂಜೆವರೆಗೆ ಒಳ್ಳೆ ಮಾತಾಡುತ್ತಿದ್ದರು." ಹತ್ತಿರ ಬಂದವರು ನಾನು ತಲೆಗೆ ಸುತ್ತಿದ್ದ ಬೈರಾಸದ, ಆ ಟವೆಲಿನ, ಕೆಳಗೆ ನೋಡಿದರು.

"ಇದು ಎಂತದು?"

"ತಂತಿಯಲ್ಲಿ ಸೀರಿಯಸ್ ಅಂತ ಇತ್ತಲ್ಲ" ಎಂದೆ.

"ಇದ್ದದ್ದನ್ನೇ ಬರೆದೆ" ಎಂದರು ಸುಬ್ರಾಯರು.

ಅಪ್ಪ ಚಾವಡಿಯ ಮಂಚದ ಮೇಲಿದ್ದರು. ಅಷ್ಟು ಸಣ್ಣ ಆಗಿದ್ದರು. ಅಮ್ಮ ತಲೆಯ ಹತ್ತಿರ ಕೂತು ಚಮಚದಲ್ಲಿ ಗಂಜಿಯ ತಿಳಿ ಹಾಕುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ, ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಅಪ್ಪ ಕಣ್ಣು ತೆರೆದು ನೋಡಿ ಬೆರಳಾಡಿಸಿದರು. "ಬಾ" ಎಂದರು. ನಾನು ಎರಡು ವರ್ಷ ಕಾದ ಪದ ಅದು. ಓಡಿಹೋಗಿ ಕಾಲ ಬಳಿ ಬಗ್ಗಿದೆ. ಬೈರಾಸ ಜಾರಿತು.

ಅವರು ಬಹಳ ಹೊತ್ತು ನನ್ನ ತಲೆ ನೋಡಿದರು. ಆಮೇಲೆ ಕಷ್ಟಪಟ್ಟು ಕತ್ತು ತಿರುಗಿಸಿ ಅಮ್ಮನನ್ನು ನೋಡಿದರು, ಅವಳ ಹಣೆಯ ಕುಂಕುಮವನ್ನು ನೋಡಿದರು. ಮಗ ತಲೆ ಬೋಳಿಸುವುದು ಇಬ್ಬರಿಗೆ. ಇಬ್ಬರೂ ಅಲ್ಲೇ ಇದ್ದರು.

"ಯಾರಿಗೆ?" ಎಂದರು.

ನಾನು ಜೀವಮಾನದಲ್ಲಿ ಅಷ್ಟು ಬೇಗ ಸುಳ್ಳು ಹೇಳಿರಲಿಲ್ಲ. "ಹರಕೆ ಅಪ್ಪ. ನಿಮಗೆ ಗುಣವಾಗಲಿ ಅಂತ ಹರಿಹರೇಶ್ವರನಿಗೆ ಕೂದಲು ಕೊಟ್ಟೆ" ಎಂದೆ.

ಅಪ್ಪನ ಮುಖ ಅರಳಿತು. ಹೌದು, ಅರಳಿತು, ಬೇರೆ ಮಾತು ನನಗೆ ಸಿಗುತ್ತಿಲ್ಲ. ಕೈ ಎತ್ತಿ ನನ್ನ ಬೋಳು ನೆತ್ತಿಯ ಮೇಲಿಟ್ಟರು. "ನನಗಾಗಿಯಾ?" ಎಂದರು. ಸಂಜೆಯವರೆಗೆ ನೋಡಲು ಬಂದವರಿಗೆಲ್ಲ ನನ್ನ ತಲೆ ತೋರಿಸಿದರು. ಅಲ್ಲಿ ಉಂಡರೂ ಮಗ ದೇವರನ್ನು ಬಿಟ್ಟಿಲ್ಲ ಎಂದು ತಡವರಿಸುತ್ತ ಹೇಳಿದರು. ಮರುದಿನ ಬೆಳಗಿನ ಪೂಜೆಯ ಗಂಟೆಯ ಹೊತ್ತಿಗೆ ತೀರಿಕೊಂಡರು.

ಕ್ಷೌರದವನು ಬಂದು ನನ್ನ ತಲೆ ಸವರಿ ನೋಡಿದ. ಎರಡು ದಿನದ ಮೊಳಕೆಯ ಮೇಲೆ ಶಾಸ್ತ್ರಕ್ಕೆ ಕತ್ತಿ ಎಳೆದು, "ಅಪ್ಪನಿಗೆ ಕೊಡುವುದನ್ನು ಮೊದಲೇ ಕೊಟ್ಟಾಗಿದೆ, ಇಂಥ ಮಗ ಎಲ್ಲರಿಗೆ ಸಿಗುವುದಿಲ್ಲ" ಎಂದ. ಹದಿಮೂರು ದಿನವೂ ಊರು ಅದನ್ನೇ ಹೇಳಿತು. ಸುಬ್ರಾಯರೊಬ್ಬರು ಹೇಳಲಿಲ್ಲ. ಅವರು ನನ್ನ ಎದುರು ಬಂದಾಗ ದಾರಿ ಬದಲಿಸುತ್ತಿದ್ದರು.

ಹೊರಡುವ ಬೆಳಿಗ್ಗೆ ನಾನು ಅಮ್ಮನನ್ನು ಕೇಳಿದೆ, ಕೆಲಸ ಬಿಟ್ಟು ಇಲ್ಲೇ ಇದ್ದುಬಿಡಲೇ ಎಂದು. ಅವಳು ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು.

"ನೀನು ಬಂದ ದಿನ ನಿನ್ನ ಪಂಚೆ ಒಗೆದೆ. ಸೊಂಟದ ಮಡಿಕೆಯಲ್ಲಿ ಎಳ್ಳು ಇತ್ತು. ಕಪ್ಪು ಎಳ್ಳು" ಎಂದಳು. "ಹರಕೆಗೆ ಎಳ್ಳು ಯಾಕೆ ಮಗ?"

ನಾನು ಬಾವಿಯೊಳಗೆ ನೋಡಿದೆ.

"ಅವರಿಗೆ ಹೇಳಲಿಲ್ಲ. ಸಂತೋಷದಲ್ಲಿ ಹೋದರು, ಹೋಗಲಿ. ನೀನು ಹೋಗು, ನಿನ್ನ ಅನ್ನ ಅಲ್ಲಿದೆ. ನನ್ನ ವಿಷಯದಲ್ಲಿ ತಂತಿ ಬರುವುದಿಲ್ಲ. ಎಲ್ಲ ಮುಗಿದ ಮೇಲೆ, ಸತ್ತಳು ಅಂತಲೇ ಕಾಗದ ಬರೆಯಲು ಸುಬ್ರಾಯರಿಗೆ ಹೇಳಿದ್ದೇನೆ. ಅದು ಬಂದ ಮೇಲೆ ಕೂದಲು ತೆಗೆಸು." ಇಷ್ಟು ಹೇಳಿ ಅವಳು ಕೊಡ ಬಾವಿಗೆ ಇಳಿಸಿದಳು.

ದಾವಣಗೆರೆಗೆ ಮರಳಿ ಗೌರಮ್ಮನಿಗೆ ಮಾತ್ರ ನಡೆದದ್ದನ್ನು ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು, "ನಾವೆಲ್ಲ ಕೂಡಿ ನಿಮ್ಮನ್ನ ತಡದ್ವಲ್ರೀ, ಅವತ್ತೇ ಕಳಿಸಬೇಕಿತ್ತು" ಎಂದು ಅತ್ತರು. ಎರಡು ದಿನದಲ್ಲಿ ಓಣಿಗೆಲ್ಲ ಗೊತ್ತಾಯಿತು. ಪಂಡಿತರು ಬಂದು ನನ್ನ ಕೈ ಒತ್ತಿ ಹೋದರು. ಪರೀಕ್ಷೆಯಲ್ಲಿ ಲಕೋಟೆಯ ಮೇಲೆಯೇ ಪ್ರಶ್ನೆ ಬಂತು. ಎಲ್ಲರೂ ನಾನು ಬರೆಸಿದ ಅರ್ಥವನ್ನೇ ಬರೆದರು. ರುದ್ರಪ್ಪ ಪಾಸಾದ, ಪೇಡೆ ತಂದುಕೊಟ್ಟ. ಮುಂದಿನ ವರ್ಷದ ತರಗತಿಗೆ ಆ ಟಿಪ್ಪಣಿ ಬರೆಸಲಿಲ್ಲ. ಅಂಚು ಕಪ್ಪಗಿದ್ದರೆ ಸಾವು, ಅಷ್ಟೇ ಎಂದೆ.

ಇದು ನಮ್ಮ ಊರಿನವರ ಕಣ್ಣಿಗೂ ಬೀಳುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಲ್ಲಿ ನಾನು ತಂದೆಗಾಗಿ ತಲೆ ಕೊಟ್ಟ ಮಗ. ಇಲ್ಲಿ ನಾನು ಬದುಕಿದ್ದ ತಂದೆಗೆ ಎಳ್ಳುನೀರು ಬಿಟ್ಟವನು. ಅದು ಗೊತ್ತಿದ್ದೂ ಖಾನಾವಳಿಯಲ್ಲಿ ನನಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಹೊಗಳುವ ಊರಿನಲ್ಲಿ ನನಗೆ ನಿದ್ದೆ ಬರುವುದಿಲ್ಲ. ತಿಳಿದ ಊರಿನಲ್ಲಿ ಬರುತ್ತದೆ, ಆದರೆ ಅದು ನನ್ನ ಊರಲ್ಲ. ನಮ್ಮ ಕಡೆಯ ಓದುಗರು ಇಷ್ಟನ್ನು ತಿಳಿದು ನನ್ನನ್ನು ಹೊಗಳುವುದು ಬಿಟ್ಟರೆ ಸಾಕು.

ಈ ಬೇಸಿಗೆಯ ರಜೆಗೆ ಬರಲೇ ಎಂದು ಅಮ್ಮನಿಗೆ ಬರೆದಿದ್ದೆ. ನಿನ್ನೆ ಕಾರ್ಡು ಬಂತು, ಎಂದಿನಂತೆ ನಾಲ್ಕು ಸಾಲು. ದನ ಕರು ಹಾಕಿದೆ. ಬಾವಿಯಲ್ಲಿ ನೀರು ಇಳಿದಿದೆ. ಸುಬ್ರಾಯರ ಮಗಳಿಗೆ ಗಂಡು ಗೊತ್ತಾಗಿದೆ. ಕೊನೆಯ ಸಾಲು, "ನಿನ್ನ ಕೋಣೆಯಲ್ಲಿ ಈ ವರ್ಷ ತೆಂಗಿನಕಾಯಿ ಹಾಕಿಸಿದ್ದೇನೆ."

ಮಲಗಲು ಜಾಗವಿಲ್ಲ ಎಂದು ಹೇಳಿದಳೇ, ತೆಂಗು ಚೆನ್ನಾಗಿ ಬಿಟ್ಟಿದೆ ಎಂದು ಹೇಳಿದಳೇ? ಪರದೇಶದ ಪುಸ್ತಕದ ಪದಗಳಿಗೆ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಬೆಳಿಗ್ಗೆಯಿಂದ ಆ ಸಾಲನ್ನು ಹತ್ತು ಸಲ ಓದಿದ್ದೇನೆ. ಬಸ್ಸಿಗೆ ಇನ್ನೂ ಟಿಕೀಟು ತೆಗೆಸಿಲ್ಲ.